ಮರಣ ಕೋಷ್ಟಕ ಓದಿದ ವರ್ಷಗಳು

ಅಮ್ಮ ಹೊಸನಗರದಲ್ಲಿ ಜೀವ ವಿಮೆಯ ಏಜೆಂಟ್ ಆಗಿದ್ದಳು. ಅಪ್ಪ ಮೂವತ್ತೊಂಬತ್ತಕ್ಕೇ ಹೃದಯಾಘಾತವಾಗಿ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸು ಹತ್ತಿದರೆ ಒಂದು ದಿನ ತೀರ್ಥಹಳ್ಳಿ ದಾರಿ, ಇನ್ನೊಂದು ದಿನ ಸಾಗರದ ಕಡೆ, ಕೆಲವೊಮ್ಮೆ ಲಾಂಚಿನಲ್ಲಿ ಹಿನ್ನೀರು ದಾಟಿ ಬ್ಯಾಕೋಡು. ಶಾಲೆಗೆ ರಜೆಯಿದ್ದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಪಾಲಿಸಿ ಮಾಡಿಸಿದವರು ಸತ್ತರೆ ಆ ಮನೆಗೆ ಹೋಗಿ ಹೆಂಗಸರ ಪಕ್ಕ ಸುಮ್ಮನೆ ಕೂತು ಬರುತ್ತಿದ್ದಳು. ಕಾಗದಪತ್ರದ ಮಾತು ತೆಗೆಯುತ್ತಿದ್ದುದು ಎರಡನೆಯ ಸಲ ಹೋದಾಗ.

ಸಾಗರದಲ್ಲಿ ನಾನು ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಗಣಿತದ ಮೇಷ್ಟ್ರು ಒಂದು ದಿನ ಕರೆದು, "ನಿಮ್ಮಮ್ಮ ಮಾಡಿಸೋ ಪಾಲಿಸಿಗೆ ಕಂತು ಎಷ್ಟು ಅಂತ ಯಾರೋ ಕೂತು ಲೆಕ್ಕ ಹಾಕಿರ್ತಾರಲ್ಲ, ಅವರಿಗೆ ಆಕ್ಚುರಿ ಅಂತಾರೆ. ಅದನ್ನೇ ಕಲಿಸೋ ಎಂ.ಎಸ್ಸಿ. ಇದೆ, ನೋಡು" ಎಂದರು. ಅಮ್ಮನ ಹಿಗ್ಗು ಹೇಳತೀರದು. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ, "ನಾನು ಬಾಗ್ಲು ಬಾಗ್ಲು ತಿರುಗ್ತೀನಿ. ನನ್ ಮಗಳು ಕೂತಲ್ಲೇ ಲೆಕ್ಕ ಹಾಕ್ತಾಳೆ" ಎನ್ನುತ್ತಿದ್ದಳು.

ದೂರದ ಊರಿನ ವಿಶ್ವವಿದ್ಯಾಲಯ. ಮೊದಲು ಬಡ್ಡಿ, ಷೇರು, ಸಂಭವನೀಯತೆ. ಆಮೇಲೆ ಮರಣ ಕೋಷ್ಟಕ. ಒಂದು ಲಕ್ಷ ಕೂಸುಗಳು ಹುಟ್ಟಿದವು ಎಂದು ಇಟ್ಟುಕೊಂಡರೆ ಪ್ರತಿ ವಯಸ್ಸಿನಲ್ಲೂ ಎಷ್ಟು ಜನ ಉಳಿಯುತ್ತಾರೆ, ಎಷ್ಟು ಜನ ಹೋಗುತ್ತಾರೆ ಎಂದು ಸಾಲು ಸಾಲಾಗಿ ತೋರಿಸುವ ಪಟ್ಟಿ ಅದು. ಉಳಿದವರು ಪೆನ್ನು ತೆಗೆದು ಲೆಕ್ಕ ಶುರು ಮಾಡಿದರು. ನನ್ನ ಕಣ್ಣು ಮೂವತ್ತೊಂಬತ್ತರ ಸಾಲಿಗೆ ಹೋಯಿತು. ಸಂಜೆ ಫೋನಿನಲ್ಲಿ ಅಮ್ಮನಿಗೆ, "ಅಪ್ಪನ ವಯಸ್ಸಿಗೆ ಸಾಯೋರು ತೀರಾ ಕಮ್ಮಿ ಅಮ್ಮ" ಎಂದೆ. ಅವಳು, "ಊಟ ಆಯ್ತನೇ?" ಎಂದು ಕೇಳಿದಳು.

ಪದವಿ ಒಂದೇ ಸಾಲದು ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾದದ್ದು. ಆಕ್ಚುರಿ ಎನಿಸಿಕೊಳ್ಳಲು ಬೇರೆಯೇ ಪರೀಕ್ಷೆಗಳಿದ್ದವು. ಒಂದೊಂದು ಪೇಪರಿಗೂ ತಿಂಗಳುಗಟ್ಟಲೆ ಓದಬೇಕು. ಓದಿದರೂ ಎಷ್ಟೋ ಜನ ಫೇಲಾಗುತ್ತಿದ್ದರು. ಕೆಲಸ ಸಿಗುವುದು ಹೆಚ್ಚಾಗಿ ಮುಂಬೈಯಲ್ಲಿ. "ಅಂಕ ಯಾರೂ ಕೇಳಲ್ಲ, ಎಷ್ಟು ಪೇಪರ್ ಆಗಿದೆ ಅಂತ ಕೇಳ್ತಾರೆ" ಎಂದು ಸೀನಿಯರ್ ಒಬ್ಬಳು ಎಚ್ಚರಿಸಿದ್ದಳು.

ನನಗೆ ಎರಡು ಪೇಪರ್ ಆಗಿತ್ತು. ಅಷ್ಟರಲ್ಲಿ ಅಮ್ಮನ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಕರಾವಳಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಮೂರನೆಯ ದಿನ ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವಳು ಕೇಳಿದಳು:

"ನಿನ್ ಪಟ್ಟಿಯಲ್ಲಿ ಐವತ್ತೊಂದಕ್ಕೆ ಎಷ್ಟ್ ಜನ ಹೋಗ್ತಾರೆ?"

"ಕಮ್ಮಿ ಅಮ್ಮ."

"ಅಪ್ಪಂಗೂ ಹಂಗೇ ಹೇಳಿದ್ಯಲ್ಲ."

"ಅದು ಒಬ್ಬೊಬ್ಬರ ಬಗ್ಗೆ ಹೇಳಲ್ಲ ಅಮ್ಮ. ಲಕ್ಷ ಜನರ ಬಗ್ಗೆ ಹೇಳುತ್ತೆ."

"ಹಂಗಾರೆ ನಂದು ಯಾರಿಗೂ ಗೊತ್ತಿಲ್ಲ ಅನ್ನು" ಎಂದು ಮುಖ ಅತ್ತ ತಿರುಗಿಸಿದಳು. ಚಮಚ ಹಿಡಿದುಕೊಂಡು ಕೂತೇ ಇದ್ದೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅವಳು ಹಟ ಹಿಡಿದು ಬ್ಯಾಕೋಡಿಗೆ ಹೊರಟಳು. ಕೆಲಸ ಬಿಡುತ್ತಿರುವುದನ್ನು ಜನರಿಗೆ ತಾನೇ ತಿಳಿಸಬೇಕಂತೆ. ಲಾಂಚಿನಲ್ಲಿ ನನ್ನ ಭುಜಕ್ಕೆ ಒರಗಿ ನಿಂತಿದ್ದಳು. ಅಲ್ಲಿ ಒಂದು ಮನೆಯಲ್ಲಿ, ಹಿಂದೆ ಗಂಡ ಸತ್ತಾಗ ಅಮ್ಮ ಯಾರ ಪಕ್ಕ ಕೂತು ಬಂದಿದ್ದಳೋ ಆ ಹೆಂಗಸು ಪುನರ್ಪುಳಿ ಹಣ್ಣಿನ ಪಾನಕ ತಂದುಕೊಟ್ಟರು.

"ಇನ್ಮೇಲೆ ಬೇರೆಯವರು ಬರ್ತಾರೆ ಅಕ್ಕಾ" ಎಂದಳು ಅಮ್ಮ.

"ಮಗಳು ಬರಲ್ವಾ?"

"ಅವಳಿಗೆಂತಕ್ಕೆ ಈ ತಿರುಗಾಟ? ಅವಳು ಓದ್ಲಿ."

ಆ ಹೆಂಗಸು ಅಮ್ಮನ ಸೊರಗಿದ ಮುಖವನ್ನೇ ನೋಡಿದರು. ಹೊರಡುವಾಗ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ನನ್ನ ಕೊನೆಯ ಸೆಮಿಸ್ಟರಿನಲ್ಲಿ ಅಮ್ಮ ಹೋದಳು. ಆ ಸಲದ ಆಕ್ಚುರಿ ಪೇಪರಿಗೆ ಕೂರಲಿಲ್ಲ. ಮುಂದಿನ ಸಲ ಕೂತು ಫೇಲಾದೆ. ಫಲಿತಾಂಶ ಬಂದ ದಿನ ಫೋನು ಕೈಗೆತ್ತಿಕೊಂಡು, ಯಾರಿಗೆ ಹೇಳುವುದೆಂದು ತೋಚದೆ ಮತ್ತೆ ಇಟ್ಟೆ.

ಈಗ ಮುಂಬೈಯ ವಿಮಾ ಕಚೇರಿಯೊಂದರಲ್ಲಿದ್ದೇನೆ. ಕೆಲಸ ಚೆನ್ನಾಗಿಯೇ ಇದೆ. ಸತ್ತವರ ವಯಸ್ಸು, ಊರು, ಕಾರಣ ಎಲ್ಲ ಸಂಕೇತಗಳಾಗಿ ಪರದೆಯ ಮೇಲೆ ಬರುತ್ತವೆ. ಅದರಿಂದ ಹೊಸ ಪಾಲಿಸಿಯ ದರ ತೆಗೆಯುತ್ತೇವೆ. ಪೇಪರುಗಳು ಇನ್ನೂ ಅರ್ಧದಷ್ಟು ಬಾಕಿ. ಶುರುವಿನಲ್ಲಿ ಸಾಲುಗಳ ಹಿಂದೆ ಮನೆಗಳು ಕಾಣುತ್ತಿದ್ದವು. ಈಗ ಕಾಣುವುದಿಲ್ಲ. ಹಾಗಾದದ್ದು ಯಾವಾಗ ಎಂದು ನೆನಪಿಲ್ಲ.

ಕಳೆದ ವರ್ಷ ಸಾಗರದ ಮೇಷ್ಟ್ರು ವಿದ್ಯಾರ್ಥಿಗಳ ಜೊತೆ ಮಾತಾಡಲು ಕರೆಸಿದ್ದರು. ಪರೀಕ್ಷೆ, ಕೆಲಸ, ಸಂಬಳ ಎಲ್ಲ ಹೇಳಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

"ಮೇಡಂ, ಎಲ್ಲಾ ಪೇಪರ್ ಆಗೋಕೆ ಎಷ್ಟ್ ವರ್ಷ ಬೇಕು?"

"ಹೇಳೋಕಾಗಲ್ಲ. ನನಗಿನ್ನೂ ಮುಗಿದಿಲ್ಲ."

"ಅಷ್ಟ್ ವರ್ಷ ಮನೆಯಲ್ಲಿ ಕಾಯ್ತಾರಾ?"

ಮಕ್ಕಳು ನಕ್ಕರು. ಅವಳು ಕೇಳಿದ್ದು ಮದುವೆಯ ಬಗ್ಗೆ ಎಂದು ಆಮೇಲೆ ಹೊಳೆಯಿತು. ಆ ಕ್ಷಣಕ್ಕೆ ಅಮ್ಮ ನೆನಪಾಗಿ, ನೀರು ಕುಡಿಯುವ ನೆಪದಲ್ಲಿ ತಿರುಗಿಕೊಂಡೆ.

ಹೊಸನಗರಕ್ಕೆ ಹೋಗಲಿಲ್ಲ. ನಾವಿದ್ದ ಬಾಡಿಗೆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ತಾಳಗುಪ್ಪದಿಂದ ಬರುವ ರೈಲಿಗೆ ಇನ್ನೂ ಹೊತ್ತಿತ್ತು. ಸಾಗರದ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮುಂದಿನ ಪೇಪರಿನ ಪುಸ್ತಕ ತೆರೆದೆ. ರೈಲು ಬರುವವರೆಗೂ ಒಂದೇ ಪುಟದಲ್ಲಿದ್ದೆ.