ಎಲೆತೋಟದಲ್ಲಿ ಮೂರನೆಯ ಮರಿ

ನಮ್ಮ ಮನೆತನದಲ್ಲಿ ಓದಿದವರಿದ್ದಾರೆ, ಪಾಠ ಹೇಳಿದವರಿದ್ದಾರೆ, ಒಂದು ಶ್ಲೋಕದ ಅರ್ಥಕ್ಕಾಗಿ ಅಣ್ಣತಮ್ಮಂದಿರು ತಿಂಗಳುಗಟ್ಟಲೆ ಮಾತು ಬಿಟ್ಟದ್ದೂ ಇದೆ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಪ್ರಾಣಿಗಳ ಬೆನ್ನು ಹತ್ತಿದವನು ಮಾತ್ರ ನಾನೊಬ್ಬನೇ. ಸವಣೂರಿನಲ್ಲಿ ಮನೆ, ಹಾನಗಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ, ನಡುವೆ ಬಸ್ಸು. ಇಪ್ಪತ್ತು ವರ್ಷ ಹೀಗೇ ಹೋಗಿವೆ.

ದೊಡ್ಡ ಕಾಡಿಗೆ ಹೋಗಿ ಹುಲಿಯ ಫೋಟೋ ತೆಗೆಯಬೇಕೆಂಬ ಆಸೆ ನನಗೂ ಇದೆ. ಆದರೆ ನಾನು ಒಬ್ಬನೇ ಮಗ. ಇವತ್ತು ಏಕಾದಶಿ, ನಾಳೆ ಪಾರಣೆ, ನಾಡಿದ್ದು ಯಾರದೋ ತಿಥಿ. ಅವ್ವನಿಗೆ ಸಕ್ಕರೆ ಕಾಯಿಲೆ, ಅದರ ಮೇಲೆ ಮಡಿ. ಬೇರೆಯವರು ಪಂಚಾಂಗದಲ್ಲಿ ಒಳ್ಳೆಯ ದಿನ ಹುಡುಕುತ್ತಾರೆ, ನಾನು ತಪ್ಪಿಸಿಕೊಳ್ಳುವ ದಿನ ಹುಡುಕುತ್ತೇನೆ, ಸಿಗುವುದಿಲ್ಲ. ಹಾಗಾಗಿ ತಡಸದ ಕಡೆಯ ಕುರುಚಲಿನಲ್ಲಿ ಮೊಲ, ಹಿರೇಕೆರೂರಿನ ಕಡೆ ಕೆರೆಯಲ್ಲಿ ಬಾತು, ಇಷ್ಟೇ ನನ್ನ ಕಾಡು. ಅದೂ ಸಂಜೆಯೊಳಗೆ ಮನೆ ಸೇರುವ ಕರಾರಿನ ಮೇಲೆ.

ಆ ದಿನ ಅಪ್ಪನ ಶ್ರಾದ್ಧ. ಶ್ರಾದ್ಧ ಮಾಡುವವನು ಉಪವಾಸ. ಕರೆದ ಬ್ರಾಹ್ಮಣರು ಉಂಡು ಏಳುವವರೆಗೆ ಮನೆಯಲ್ಲಿ ಯಾರ ಬಾಯಿಗೂ ಅನ್ನವಿಲ್ಲ. ಅವ್ವ ಬೆಳಿಗ್ಗೆ ನಾಲ್ಕಕ್ಕೇ ಎದ್ದು, ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ನನ್ನ ಕೆಲಸ ಒಂದೇ, ತಾಂಬೂಲಕ್ಕೆ ಎಲೆ ತರುವುದು. ಎಲೆ ಅಂದೇ ಕೊಯ್ದದ್ದಾಗಬೇಕು, ತುದಿ ಮುರಿದಿರಬಾರದು, ಮತ್ತು ಅದೇ ತೋಟದ್ದಾಗಬೇಕು. ಅಪ್ಪ ಅಜ್ಜನ ತಿಥಿಗೆ ಅಲ್ಲಿಂದಲೇ ತರುತ್ತಿದ್ದ. ಎಲೆ ತಂದು, ಸ್ನಾನ ಮಾಡಿ, ಮಡಿ ಉಟ್ಟು ಕೂರಬೇಕು.

"ಆ ಡಬ್ಬಿ ಯಾಕೋ ಹೆಗಲಿಗೆ?" ಎಂದಳು ಅವ್ವ. ಕ್ಯಾಮೆರಾಗೆ ಅವಳು ಹಾಗೇ ಅನ್ನುವುದು.

"ಸುಮ್ನ," ಎಂದೆ.

"ಸುಮ್ನ ಹೋದವ ಸುಮ್ನ ಬರಬೇಕು, ನೋಡು. ಹತ್ತರೊಳಗ."

ಎಲೆತೋಟದ ಯಜಮಾನರು ಅಪ್ಪನ ಓರಗೆಯವರು. ಅವರ ತಂದೆ ನಮ್ಮ ಅಜ್ಜನಿಗೆ ಎಲೆ ಕೊಡುತ್ತಿದ್ದರು. ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ತೋಟದೊಳಗೆ ಚಪ್ಪಲಿ ಹಾಕುವಂತಿಲ್ಲ. ಬಳ್ಳಿ ಮುನಿಯುತ್ತದೆ ಎಂದು ಅವರ ನಂಬಿಕೆ. ಎಂಟಕ್ಕೆ ಹೋಗಿ ಗೇಟಿನ ಗುಡಿಸಿಲ ಬಳಿ ಚಪ್ಪಲಿ ಬಿಟ್ಟೆ.

"ಎಲಿ ಕೊಯ್ದು ಕಟ್ಟಾಕ ಅರ್ಧಾ ತಾಸು ಹಿಡಿತೈತ್ರಿ ಮಾಸ್ತರ, ಕುಂದರ್ರಿ," ಎಂದರು ಚಾಚಾ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಒಂದು ಸುದ್ದಿ ಹೇಳ್ತೇನಿ, ಆದ್ರ ಅತ್ಲಾಗ ಹೋಗಬ್ಯಾಡ್ರಿ ಮತ್ತ. ಬಾಳಿ ಸೊಪ್ಪಿನ ಗುಡ್ಡಿಯೊಳಗ ಕಾಡಬೆಕ್ಕು ಈದೈತಿ. ಮೂರು ಮರಿ. ಇವತ್ತ ಜಾಗಾ ಬದಲಿ ಮಾಡಾಕ ನಿಂತೈತಿ."

ಹೋಗಬೇಡಿ ಎನ್ನುವವರು ಹೇಳುವುದಾದರೂ ಯಾಕೆ? ಅರ್ಧ ತಾಸು ಇದೆಯಲ್ಲ, ಎರಡು ಫೋಟೋ ತೆಗೆದು ಬರೋಣ ಎಂದುಕೊಂಡೆ.

ತೋಟದ ಮೂಲೆಯಲ್ಲಿ ಒಣ ಬಾಳೆ ಸೊಪ್ಪಿನ ರಾಶಿ. ಅಲ್ಲಿಂದ ಒಂದು ನೀರಿನ ಕಾಲುವೆ ಬೇಲಿಯ ಕಂಡಿಯವರೆಗೆ ಹೋಗುತ್ತದೆ. ಬೇಲಿಯಾಚೆ ಕಬ್ಬಿನ ಹೊಲ. ಬೆಕ್ಕು ಮರಿ ಸಾಗಿಸುವುದಿದ್ದರೆ ಕಬ್ಬಿಗೇ, ಹೋಗುವುದಿದ್ದರೆ ಈ ಒಣ ಕಾಲುವೆಯಲ್ಲೇ ಎಂದು ಲೆಕ್ಕ ಹಾಕಿ, ಕಂಡಿಯ ಹತ್ತಿರ ಬಳ್ಳಿಗಳ ಸಂದಿಯಲ್ಲಿ ಹುದುಗಿ ಕೂತೆ. ಲೆಕ್ಕವೇನೋ ಸರಿಯಾಗಿತ್ತು.

ಮೊದಲನೆಯ ಮರಿ ಬಂತು. ತಾಯಿಯ ಬಾಯಲ್ಲಿ ತೂಗುತ್ತ, ನನ್ನಿಂದ ನಾಲ್ಕು ಮಾರು ದೂರದಲ್ಲಿ ಕಬ್ಬಿನೊಳಗೆ ಹೋಯಿತು. ಉದ್ದ ಕಾಲಿನ, ಒಣಹುಲ್ಲಿನ ಬಣ್ಣದ ಬೆಕ್ಕು. ಅದನ್ನೇ ನೋಡುತ್ತ ಗುಂಡಿ ಒತ್ತುವುದನ್ನೇ ಮರೆತೆ. ಎರಡನೆಯದು ಬಂದಾಗ ಲೆನ್ಸಿಗೆ ಎಲೆ ಅಡ್ಡ ಬಂತು. ಮೂರನೆಯದಕ್ಕೆ ಮಾತ್ರ ಸಿದ್ಧವಾಗಿದ್ದೆ. ಅದು ಕಾಲುವೆಯ ನಡುವೆ ಬರುತ್ತಿದ್ದಂತೆ ಗುಂಡಿ ಒತ್ತಿ ಹಿಡಿದೆ. ನನ್ನದು ಹಳೆಯ ಕ್ಯಾಮೆರಾ. ಹೊಲಿಗೆ ಯಂತ್ರದ ಹಾಗೆ ಕಟಕಟ ಸದ್ದು ಮಾಡಿತು.

ಬೆಕ್ಕು ಮರಿಯನ್ನು ಬಿಟ್ಟು ಹಿಂದಕ್ಕೆ ಹಾರಿ ಬಾಳೆಗಿಡದ ಹಿಂದೆ ಸೇರಿತು. ಮರಿ ಕಾಲುವೆಯಲ್ಲಿ ಬಿತ್ತು.

ಇನ್ನೂ ಕಣ್ಣು ಬಿಡದ ಮರಿ, ನನ್ನ ಅಂಗೈಯಷ್ಟೂ ಇರಲಿಲ್ಲ. ತಲೆಯನ್ನು ಗಡಗಡ ನಡುಗಿಸುತ್ತ ಎತ್ತುವುದು, ಮಣ್ಣಿಗೆ ಊರುವುದು, ಮತ್ತೆ ಎತ್ತುವುದು. ಸಣ್ಣ ದನಿಯಲ್ಲಿ ಕೂಗುತ್ತಿತ್ತು. ನಾನು ಮಾಡಿದ್ದೇನು? ಅದರ ಫೋಟೋ ತೆಗೆದೆ. ಈಗ ಹೆಚ್ಚು ಸದ್ದಾಗದಂತೆ ಒಂದೊಂದೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ತೆಗೆದದ್ದು ನಿಜ.

ಆಮೇಲೆ ಏಳಬೇಕೆಂದೆ. ಬಾಳೆಯ ಸಂದಿಯಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಎದ್ದರೆ ಬೆದರಿ ಓಡುತ್ತದೆ, ಓಡಿದರೆ ಮರಿಗೆ ಮತ್ತೆ ಬರುವುದಿಲ್ಲ, ಮರಿ ಸತ್ತರೆ ಪಾಪ ನನ್ನದು, ಅದೂ ಅಪ್ಪನ ತಿಥಿಯ ದಿನ. ಅಲುಗಾಡದವನನ್ನು ಪ್ರಾಣಿಗಳು ಮರೆತುಬಿಡುತ್ತವೆ ಎಂದು ನಾನೇ ಗೆಳೆಯರಿಗೆಲ್ಲ ಪಾಠ ಹೇಳಿದವನು. ಅದು ಮರೆಯುವವರೆಗೆ ಕಲ್ಲಾಗಿ ಕೂರೋಣ ಎಂದು ನಿಶ್ಚಯಿಸಿದೆ.

ಒಂಬತ್ತಾಯಿತು, ಹತ್ತಾಯಿತು. ಬರಿಗಾಲಿಗೆ ಕೆಂಪಿರುವೆ ಹತ್ತಿದವು. ಒಂದು ಕಾಲು ಜೋಮು ಹಿಡಿದು ನನ್ನದಲ್ಲದಂತಾಯಿತು. ಚೀಲದಲ್ಲಿದ್ದ ಫೋನು ಗುರ್ ಎಂದು ನಡುಗಿ ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ಅದು ಅವ್ವ ಎಂದು ನೋಡದೆಯೂ ಗೊತ್ತು. ಪುರೋಹಿತರು ಬಂದಿರುತ್ತಾರೆ, ಜಗುಲಿಯ ಮೇಲೆ ಕೂತು ಗಡಿಯಾರ ನೋಡುತ್ತಿರುತ್ತಾರೆ. ಅವ್ವನ ಕೈ ನಡುಗಲು ಶುರುವಾಗಿರುತ್ತದೆ. ಆ ದಿನ ಅವಳು ಗುಳಿಗೆಯನ್ನೂ ನುಂಗುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನನಗೆ ಸಿಟ್ಟು ಬಂತು. ಬೆಕ್ಕಿನ ಮೇಲೆ, ತಿಥಿಯ ಮೇಲೆ, ಸತ್ತ ಮೇಲೂ ನನ್ನನ್ನು ಕಟ್ಟಿಹಾಕುವ ಅಪ್ಪನ ಮೇಲೆ. ಮನೆಯಿಂದ ತಪ್ಪಿಸಿಕೊಳ್ಳಲು ಹಿಡಿದ ಕ್ಯಾಮೆರಾ ನನ್ನನ್ನು ಇನ್ನೂ ಇಕ್ಕಟ್ಟಾದ ಜಾಗದಲ್ಲಿ ತಂದು ಕೂರಿಸಿತ್ತಲ್ಲ ಎಂದು ಅಳುವೇ ಬಂತು.

ಬಿಸಿಲು ಬಳ್ಳಿ ಹಬ್ಬಿಸಿದ ಅಗಸೆ ಗಿಡಗಳ ಮೇಲೇರಿ ನೆಟ್ಟಗೆ ಕಾಲುವೆಗೆ ಬಿತ್ತು. ಮರಿಯ ಕೂಗು ಕಡಿಮೆಯಾಯಿತು. ಹೊಸ ಭಯ ಹುಟ್ಟಿತು. ಹನ್ನೆರಡಕ್ಕೆ ತ್ರೀಫೇಸ್ ಕರೆಂಟು ಬರುತ್ತದೆ. ಬಂದರೆ ಪಂಪ್‌ಸೆಟ್ಟು ತಾನಾಗಿ ಚಾಲೂ ಆಗುತ್ತದೆ, ನೀರು ಇದೇ ಕಾಲುವೆಗೆ. ಹನ್ನೆರಡಾಯಿತು. ಪಕ್ಕದ ತೋಟದ ಪಂಪು ಗುಡುಗುಟ್ಟಿತು. ನಮ್ಮ ಕಾಲುವೆಗೆ ನೀರು ಬರಲಿಲ್ಲ. ದೇವರು ದೊಡ್ಡವನು ಎಂದುಕೊಂಡು ಮತ್ತೂ ಒಂದು ತಾಸು ಕೂತೆ.

ಒಂದರ ಸುಮಾರಿಗೆ ಚಾಚಾ ಹೆಜ್ಜೆಯ ಸದ್ದಾಗದಂತೆ ನನ್ನ ಬೆನ್ನಿಗೆ ಬಂದು ನಿಂತರು. ಕಿವಿಯಲ್ಲಿ ಹೇಳುವ ಹಾಗೆ, "ಮುಗೀತೇನ್ರಿ?" ಎಂದರು.

"ಹೆಂಗ ಮುಗಿತದ ಚಾಚಾ? ಅದು ನೋಡ್ರಿ, ಅಲ್ಲೇ ಕೂತದ. ಮರಿ ಒಯ್ಯವಲ್ದು. ನಾ ಎದ್ರ ಓಡಿ ಹೋಗ್ತದ."

ಚಾಚಾ ಬಾಳೆಯ ಕಡೆ ನೋಡಿದರು, ಮರಿಯನ್ನು ನೋಡಿದರು, ನನ್ನನ್ನು ನೋಡಿದರು.

"ನೀವು ಎದ್ರ ಅದು ಬರತೈತ್ರಿ. ಮುಂಜಾನಿಂದ ನೀವು ಏಳೋದನ್ನ ಕಾಯಾಕತ್ತೈತಿ."



"ಮತ್ತ ಮೊದಲ ಯಾಕ ಬಂದು ಹೇಳಲಿಲ್ಲ?" ಎಂದು ಅವರ ಮೇಲೇ ಹರಿಹಾಯ್ದೆ.

"ಹ್ವಾದ ಸಲ ನವಿಲಿನ ಫೋಟೋ ಹೊಡಿಯಾಕ ಬಂದಾಗ ನಾ ಕೆಮ್ಮಿದ್ದಕ್ಕ ಬೈದಿದ್ರೆಲ್ರೀ. ಫೋಟೋ ಹೊಡಿಯೋವಾಗ ಹತ್ರ ಬರಬ್ಯಾಡ್ರಿ ಅಂದಿದ್ರಿ. ಅದಕ್ಕ ಮೋಟಾರಿನ ಫ್ಯೂಜನ್ನೂ ತಗದಿಟ್ಟೇನಿ. ಬಳ್ಳಿಗೆ ನೀರು ಬೇಕಾಗಿತ್ತು. ಇರಲಿ ಬಿಡ್ರಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಅಂದು ಪ್ರಾಣಸಂಕಟ ಬೆಕ್ಕಿನದಾಗಿತ್ತು. ಐದು ತಾಸು ನಾನು ಸಿಕ್ಕಿಹಾಕಿಕೊಂಡಿದ್ದೇನೆ ಎಂದುಕೊಂಡೇ ಕೂತಿದ್ದೆ. ಚಾಚಾ ಕೈ ಕೊಟ್ಟು ಎಬ್ಬಿಸಿದರು. ಜೋಮು ಹಿಡಿದ ಕಾಲನ್ನು ಎಳೆಯುತ್ತ ಅವರ ಹೆಗಲಿಗೆ ಆತು ಗೇಟಿನವರೆಗೆ ಬಂದೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಹಿಂದಿರುಗಿ ನೋಡಿದರೆ ಬೆಕ್ಕು ಆಗಲೇ ಕಾಲುವೆಗೆ ಇಳಿದಿತ್ತು. ಮರಿಯನ್ನು ಮೂಸಿತು, ನೆಕ್ಕಿತು, ಕುತ್ತಿಗೆ ಕಚ್ಚಿ ಎತ್ತಿ ಕಂಡಿಯಲ್ಲಿ ನುಸುಳಿತು. ಮರಿ ಬಾಯಲ್ಲಿ ಜೋತಾಡುತ್ತಿತ್ತು. ಕೂಗುತ್ತಿರಲಿಲ್ಲ.

ಎಲೆಯ ಕಟ್ಟನ್ನು ಚಾಚಾ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಒಂದು ತುದಿಯೂ ಮುರಿದಿರಲಿಲ್ಲ.

ಮನೆಯಲ್ಲಿ ಯಾರೂ ಬೈಯಲಿಲ್ಲ. ಶ್ರಾದ್ಧದ ದಿನ ಕೆಟ್ಟ ಮಾತಾಡಬಾರದು. ಪುರೋಹಿತರು ಮಂತ್ರವನ್ನೇ ಸಿಟ್ಟಿನಿಂದ ಹೇಳಿ ಮುಗಿಸಿದರು. ಅವ್ವ ಊಟದೆಲೆಯ ಮುಂದೆ ಕೂತಾಗ ಸಂಜೆ ಐದಾಗಿತ್ತು. ಮೊದಲ ತುತ್ತು ಅವಳ ನಡುಗುವ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಬದಿಗೆ ಸರಿಸಿ ಇನ್ನೊಂದು ತುತ್ತು ಕಲೆಸಿದಳು. ನನ್ನ ಕಡೆ ನೋಡಲಿಲ್ಲ.

ಮರುದಿನ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದೆ. ಅಗಲಕ್ಕೆ ಬಾಯಿ ತೆರೆದ, ಕಣ್ಣು ಮುಚ್ಚಿದ ಮರಿ. ಹಿನ್ನೆಲೆಯಲ್ಲಿ ಹಸಿರು ಮಸುಕು. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಫೋಟೋ ಬಂದಿರಲಿಲ್ಲ. ಹಾನಗಲ್ಲಿನವರು, ಶಿಗ್ಗಾಂವಿಯವರು, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. "ಆಕಳಿಸುವುದು ಎಷ್ಟು ಮುದ್ದಾಗಿದೆ!" ಎಂದು ಒಬ್ಬರು ಬರೆದರು. ಉಳಿದವರೂ ಹಾಗೇ ಬರೆದರು. ನಾನು ಕೈ ಮುಗಿದ ಚಿತ್ರ ಒತ್ತಿದೆ.

ಮೂರು ವಾರದ ನಂತರ ತೋಟಕ್ಕೆ ಹೋದೆ. ಕ್ಯಾಮೆರಾ ಒಯ್ಯಲಿಲ್ಲ. "ಕಬ್ಬಿನ ಬದುವಿನ್ಯಾಗ ಆಡಾಕತ್ತಾವ್ರಿ," ಎಂದರು ಚಾಚಾ. "ಕಣ್ಣು ಬಿಟ್ಟಾವು."

"ಎಷ್ಟು?"

ಅವರು ಎಲೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನನಗಂತೂ ಎರಡ ಕಂಡಾವ್ರಿ."

ಅಂದು ಸಂಜೆ ಅವ್ವ ತಾನಾಗಿ ಕೇಳಿದಳು. "ಅಷ್ಟೊತ್ತು ನಮ್ಮನ್ನೆಲ್ಲಾ ಉಪವಾಸ ಕೆಡವಿದಿಯಲ್ಲಾ, ಆ ಫೋಟೋನರ ತೋರ್ಸು, ನೋಡೋಣು."

ಫೋನು ಕೊಟ್ಟೆ. ಚಸ್ಮಾ ಏರಿಸಿ ಬಹಳ ಹೊತ್ತು ನೋಡಿದಳು.

"ಆಕಳಿಸ್ಲಿಕ್ಕತ್ತದ," ಎಂದೆ.

"ಆಕಳಿಕಿ ಎಲ್ಲೀದೋ? ಇದು ಹಸದದ." ಅವಳು ತಲೆ ಎತ್ತಲಿಲ್ಲ. "ಇದರವ್ವ ಎಲ್ಲಿದ್ಲು?"

"ಅಲ್ಲೇ, ಬಾಳಿಗಿಡದ ಹಿಂದ."

"ಮತ್ತ ನೀ ಎಲ್ಲಿ ಕೂತಿದ್ದಿ?"

"ನಡುವ," ಎಂದೆ.