ಹಿತ್ತಾಳೆ ತಾಟಿನ ಫೋಟೊ

ಬೆಳಕು ಸತ್ಯವನ್ನು ತೋರಿಸುತ್ತದೆ ಎಂದು ತಿಳಿದವರೆಲ್ಲ ಗಂಭೀರವಾಗಿ ಹೇಳುತ್ತ ಬಂದಿದ್ದಾರೆ. ಅವರಲ್ಲೊಬ್ಬರೂ ಹಿತ್ತಾಳೆ ತಾಟಿನ ಫೋಟೊ ತೆಗೆದವರಲ್ಲ.

ನಾನು ಸುರಪುರದಲ್ಲಿ ಚಿತ್ರಕಲಾ ಮಾಸ್ತರನಾಗಿದ್ದು ನಿವೃತ್ತನಾದವನು. ನಮ್ಮ ಓಣಿಯ ಕೊನೆಗೆ ವಯಸ್ಸಾದ ಪತ್ತಾರರೊಬ್ಬರಿದ್ದಾರೆ. ಹಿತ್ತಾಳೆ, ತಾಮ್ರದ ಮೇಲೆ ಚಾಣದಿಂದ ಬಳ್ಳಿ, ಗಿಳಿ, ನವಿಲು ಕೆತ್ತುವುದು ಅವರ ಕಸುಬು. ಮೀಸೆ ಮೂಡುವ ಮೊದಲೇ ಹಿಡಿದ ಚಾಣ. ಈಗ ಮೀಸೆ ಪೂರಾ ಬೆಳ್ಳಗಾಗಿದೆ. ಕುಶಲಕರ್ಮಿ ಎಂಬ ಕಾರ್ಡಿಲ್ಲದಿದ್ದರೆ ಯಾವ ಕರಕುಶಲ ಮೇಳದಲ್ಲೂ ಕೂಡಲು ಜಾಗ ಕೊಡುವುದಿಲ್ಲವೆಂದು ತಿಳಿದು ಅರ್ಜಿ ಹಾಕಿದ್ದರು. ಅದು ಹಿಂದಕ್ಕೆ ಬಂತು. ಮೇಲೆ ಕೆಂಪು ಶಾಯಿಯಲ್ಲಿ ಎರಡೇ ಶಬ್ದ: ‘ಕೆತ್ತನೆ ಕಾಣುತ್ತಿಲ್ಲ.’ ಇನ್ನೊಮ್ಮೆ ಹೀಗಾದರೆ ಅರ್ಜಿ ರದ್ದು ಎಂದೂ ಹೇಳಿ ಕಳಿಸಿದ್ದರು.

ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅರ್ಜಿಗೆ ಹಚ್ಚಿದ್ದ ತಾಟಿನ ಫೋಟೊ ನೋಡಿದೆ. ಕೆತ್ತನೆ ನಿಜಕ್ಕೂ ಕಾಣುತ್ತಿರಲಿಲ್ಲ. ಶಹಾಪುರದ ಫೋಟೊದವನೊಬ್ಬ ಎದುರಿಗೇ ಫ್ಲ್ಯಾಶ್ ಹೊಡೆದಿದ್ದ. ತಾಟಿನ ನಡುವೆ ಒಂದು ಬಿಳಿ ಸೂರ್ಯ, ಪಕ್ಕದಲ್ಲಿ ಆತನ ಅಂಗಿಯ ಗುಂಡಿಗಳ ಪ್ರತಿಬಿಂಬ. ಹೊಟ್ಟೆ ಮಾತ್ರ ಸ್ಪಷ್ಟವಾಗಿ ಬಂದಿತ್ತು. ನನ್ನ ಉರಿ ಇಳಿಯಲಿಲ್ಲ. ಶಹಾಪುರದ ಕಡೆ ತಿರುಗಿತು, ಅಷ್ಟೆ.

“ನಾ ತೆಗೀತೀನಿ, ಬಿಡ್ರಿ,” ಎಂದೆ.

ಟೇಬಲ್ ಫ್ಯಾನಿನ ಖಾಲಿ ರಟ್ಟಿನ ಡಬ್ಬಿ ತಂದು ಒಂದು ಮಗ್ಗಲು ಕತ್ತರಿಸಿ ಅಲ್ಲಿಗೆ ನನ್ನ ಹಳೆಯ ಧೋತರದ ತುಂಡು ಕಟ್ಟಿದೆ. ಅದರ ಹಿಂದೆ, ತಾಟಿನ ಅಂಚಿನಷ್ಟೇ ತಗ್ಗಿನಲ್ಲಿ, ಒಂದು ಬಲ್ಬು. ಮೇಲೆ ಹರಿದ ಕೊಡೆಯ ಕರಿ ಬಟ್ಟೆ, ನಡುವೆ ಕ್ಯಾಮೆರಾ ಇಣುಕುವಷ್ಟು ತೂತು. ಪತ್ತಾರರ ಕೈಯಲ್ಲಿದ್ದ ಒಂದು ಹಳೆಯ ತಾಟನ್ನು ಒಳಗಿಟ್ಟೆ. ಬೆಳಕು ಪಕ್ಕದಿಂದ ಸವರಿಕೊಂಡು ಹೋದದ್ದೇ ತಡ, ಗೆರೆಗಳೆಲ್ಲ ಎದ್ದು ನಿಂತವು.

ಪತ್ತಾರರು ಬಗ್ಗಿ ನೋಡಿದರು. “ಇದು ನಂದ ಕೆಲಸ ಏನ್ರಿ, ಮಾಸ್ತರ?”

“ಮತ್ತ ಯಾರದು? ನಾಳೆ ನಿಮ್ಮ ಛಲೋ ತಾಟು ತರ್ರಿ.”

ಮರುದಿನ ತಂದರು. ಕಣ್ಣು ಕುಕ್ಕುತ್ತಿತ್ತು. ಅವರ ಹೆಂಡತಿ ಹುಣಸೆಹಣ್ಣು, ಬೂದಿ ಹಾಕಿ ನಸುಕಿನಿಂದ ತಿಕ್ಕಿದ್ದರಂತೆ. ಎಷ್ಟೋ ವರ್ಷಗಳಿಂದ ಗೆರೆಯೊಳಗೆ ಕೂತಿದ್ದ ಕಪ್ಪು ಪೂರಾ ಹೋಗಿ, ಬಳ್ಳಿ ಯಾವುದು ಬಯಲು ಯಾವುದು ತಿಳಿಯದಂತಾಗಿತ್ತು. ಡಬ್ಬಿಯ ಬೆಳಕೂ ಸೋತಿತು.

ಆಕೆಯೂ ಹಿಂದೆಯೇ ಬಂದಿದ್ದರು. “ಅಕ್ಕಾರ, ಇದೇನು ಮಾಡೀರಿ!” ಎಂದೆ.

“ಮಾಸಿದ ತಾಟು ಸರಕಾರದವರಿಗೆ ತೋರಿಸ್ತಾರೇನ್ರಿ? ನಾಕು ಮಂದಿ ನನಗ ಏನಂದಾರು?”

ಒಲೆಯ ಮಸಿಗೆ ಎಣ್ಣೆ ಕಲಸಿ ತಾಟಿಗೆಲ್ಲ ಬಳಿದು, ಮೇಲೆ ಮೇಲೆ ಒರೆಸಿದೆವು. ಗೆರೆಯಲ್ಲಿ ಮಸಿ ನಿಂತಿತು. ಆಕೆ ಅಲ್ಲಿಯೇ ನಿಂತು ಅಷ್ಟೂ ಹೊತ್ತು ಬೈದರು. “ನಾ ತಿಕ್ಕೋದು, ಇವರು ಮಸಿ ಬಡಿಯೋದು! ಸಾಲಿ ಕಲಿಸಿದವರು ನೋಡ್ರಿ ಇವರು!”

ಫೋಟೊ ಮಾತ್ರ ನನ್ನ ಜನ್ಮದಲ್ಲಿ ತೆಗೆದ ಅತ್ಯುತ್ತಮ ಫೋಟೊ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳಲಿಲ್ಲ.

ಅದನ್ನು ದೊಡ್ಡದಾಗಿ ತೆಗೆಸಿಕೊಂಡು ನಾನೂ ಪತ್ತಾರರೂ ಬಸ್ಸು ಹತ್ತಿ, ಕಾರ್ಡು ಕೊಡುವ ಯಾದಗಿರಿಯ ಕಚೇರಿಗೆ ಹೋದೆವು. ತಾಟು ತರಬೇಡಿ, ಫೋಟೊ ಸಾಕು ಎಂಬುದು ನಿಯಮ. ಗುಮಾಸ್ತ ಫೋಟೊವನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದು ಮಷೀನಿನ ಕೆಲಸ. ಕೈಲೆ ಇಷ್ಟು ನೀಟ ಬರ್ತದೇನ್ರಿ? ಇದು ಆಗಂಗಿಲ್ಲ.”

ನನಗೆ ಎದ್ದು ನಿಲ್ಲದೆ ಗತ್ಯಂತರವಿರಲಿಲ್ಲ. ಕುರ್ಚಿ ಕೊಟ್ಟಿರಲಿಲ್ಲವಾದ್ದರಿಂದ ಮೊದಲೇ ನಿಂತಿದ್ದೆ. “ಅವಾಗ ಕಾಣಂಗಿಲ್ಲ ಅಂದ್ರಿ. ಈಗ ಭಾಳ ಕಾಣ್ತದ ಅಂತೀರಿ. ಎಷ್ಟು ಕಾಣಬೇಕು ಅಂತ ಒಂದು ಆರ್ಡರ್ ಆದ್ರೂ ಹೊರಡಿಸ್ರಲ್ಲ!”

“ಮಾಸ್ತರ, ನೀವು ಜರಾ ಸುಮ್ನಿರ್ರಿ,” ಎಂದು ಪತ್ತಾರರು ನನ್ನ ತೋಳು ಹಿಡಿದರು. ಕನ್ನಡಕ ಏರಿಸಿ, ಫೋಟೊದೊಳಗಿನ ಒಂದು ಗಿಳಿಯ ಕೊರಳ ಮೇಲೆ ಬೆರಳಿಟ್ಟರು. “ಇಲ್ಲಿ ನೋಡ್ರಿ, ಸಾಹೇಬ್ರ. ಚಾಣ ಜಾರ್ಯಾದ. ಆವತ್ತು ಕೈಯಾಗ ಬಲ ಇರಲಿಲ್ಲ, ಜ್ವರ ಬಂದಿದ್ವು. ಮಷೀನಿಗಿ ಜ್ವರ ಬರಂಗಿಲ್ಲರಿ.”

ಗುಮಾಸ್ತ ಹತ್ತಿರ ಹಿಡಿದು ನೋಡಿದ. ಕೂದಲೆಳೆಯಷ್ಟು ಗೆರೆ, ಕೊರಳು ದಾಟಿ ರೆಕ್ಕೆಯೊಳಗೆ ಹೋಗಿತ್ತು.

“ಹಾಂ, ಇದು ಕೈಯಿಂದ ಮಾಡಿದ್ದೇ,” ಎಂದು ಸೀಲು ಒತ್ತಿದ.

ಸಾವಿರ ಸರಿಯಾದ ಗೆರೆಗಳು ಆ ಮೇಜಿನ ಮೇಲೆ ಸಾಕ್ಷಿಗೆ ಬರಲಿಲ್ಲ. ತಪ್ಪಿದ ಒಂದೇ ಗೆರೆ ಬಂತು. ಜೀವಮಾನವೆಲ್ಲ ಕೈ ಜಾರದಂತೆ ಕಾದ ಮನುಷ್ಯ, ಜಾರಿದ ಜಾಗವನ್ನು ಬೆರಳಿಟ್ಟು ತೋರಿಸಿ ತಾನು ತಾನೇ ಎಂದು ರುಜುವಾತು ಮಾಡಬೇಕಾಯಿತು. ಬಸ್ಸಿನಲ್ಲಿ ಶಹಾಪುರದವರೆಗೂ ನಾನು ಇದನ್ನೇ ಹೇಳಿ ಕೂಗಾಡಿದೆ. ಪತ್ತಾರರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.

ಕಾರ್ಡು ಮುಂದಿನ ತಿಂಗಳು ಟಪಾಲಿನಲ್ಲಿ ಬಂತು. ಕಸುಬು ಎಂಬಲ್ಲಿ ‘ಲೋಹದ ಕೈಕೆತ್ತನೆ’ ಎಂದು ಬರೆದಿದೆ.