ನಡುಮನೆಯ ಹಲಗೆಗೋಡೆ

ಹೊಲಿಗೆಯಮ್ಮನ ನಿಜವಾದ ಹೆಸರು ಬೀದಿಯವರಿಗೆ ಮರೆತೇಹೋಗಿತ್ತು. ಅಳತೆ ಕೊಡಲು ಬಂದ ಹೆಂಗಸರು ತೋಳು ಚಾಚಿ ನಿಂತಲ್ಲೇ ತಮ್ಮ ಮನೆಯ ಕಷ್ಟಸುಖವನ್ನೆಲ್ಲ ಹೇಳಿಬಿಡುತ್ತಿದ್ದರು. ಅವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು 'ಹೂಂ' ಅನ್ನುತ್ತಿದ್ದಳು, ಅಷ್ಟೇ. ಜನರ ಬಾಯಲ್ಲಿರುವುದು ಒಂದು, ಮನಸ್ಸಿನಲ್ಲಿರುವುದು ಇನ್ನೊಂದು ಎಂಬುದು ಅವಳಿಗೆ ಟೇಪು ಹಿಡಿದೇ ತಿಳಿದಿತ್ತು. ಸೊಂಟ ಸಣ್ಣ ಎಂದು ಹೇಳಿಕೊಳ್ಳುವವರ ಸೊಂಟ ಅಳೆದವಳಲ್ಲವೇ.

ಈಗ ಅವಳ ಮನಸ್ಸನ್ನು ಕೊರೆಯುತ್ತಿದ್ದುದು ಗಂಡನ ಅಕ್ಕನ ಚಿಂತೆ. ಎಲ್ಲರೂ ಆಕೆಯನ್ನು ನರ್ಸಕ್ಕ ಎನ್ನುತ್ತಿದ್ದರು. ಮದುವೆಯಾಗದೆ ಆಸ್ಪತ್ರೆಯಲ್ಲೇ ಆಯಸ್ಸು ಸವೆಸಿದವಳು. ನಿವೃತ್ತಿಯಾದ ಮೇಲೆ ಮೂರನೇ ಮಹಡಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಅಲ್ಲಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ತಮ್ಮನ ಮನೆಗೆ ಬಂದಿದ್ದಳು. ಮೂಳೆ ಕೂಡಿತು, ಕೈಗೆ ಕೋಲು ಬಂತು. ಆದರೆ ನಡುಮನೆಯ ದಿವಾನದ ಮೇಲೆ ಮಲಗುವವಳಿಗೆ ಮರೆ ಎಲ್ಲಿಯದು? ಬಟ್ಟೆ ಬದಲಿಸಬೇಕಾದರೆ ಬಚ್ಚಲಿಗೆ ಹೋಗಬೇಕು. ಕಣ್ಣು ಹತ್ತಿತು ಅನ್ನುವಾಗ ಯಾರಾದರೂ ಅಳತೆಗೆ ಬರಬೇಕು.

"ತಿಂಗಳು ಮುಗಿದ ಕೂಡಲೇ ನನ್ನ ರೂಮಿಗೆ ನಾನು ಹೋಗ್ತೀನಿ. ಓನರ್ ಅಲ್ಲೀವರೆಗೆ ಬೇರೆಯವರಿಗೆ ಕೊಡಲ್ಲ ಅಂದಿದಾನೆ," ಎಂದು ನರ್ಸಕ್ಕ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು. "ಯಾರ ಹಂಗೂ ನಂಗೆ ಬೇಡ."

ಆ ಮೆಟ್ಟಿಲನ್ನು ಕೋಲೂರಿಕೊಂಡು ಹತ್ತಿದರೆ ಮುಂದೇನು ಎಂದು ನೆನೆದರೇ ಹೊಲಿಗೆಯಮ್ಮನಿಗೆ ದಿಗಿಲಾಗುತ್ತಿತ್ತು. ಇರಿ ಎಂದು ಕಾಲು ಹಿಡಿದರೆ ಇನ್ನೂ ಬೇಗ ಹೊರಡುವ ಹೆಂಗಸು ಅದು. ಹಾಗಾಗಿ ಅವಳು ಬಾಯಿ ಮಾತಿಗೆ ಹೋಗಲಿಲ್ಲ. ನಡುಮನೆಗೆ ಅಡ್ಡಗೋಡೆ ಹಾಕಿಸಿ, ಬಾಗಿಲಿಟ್ಟು, ಒಂದು ಕೋಣೆ ಮಾಡಿಸುವುದೆಂದು ಗಂಡನನ್ನು ಒಪ್ಪಿಸಿದಳು. ಇಟ್ಟಿಗೆಯಾದರೆ ಬಹಳ ದಿನ ಹಿಡಿಯುತ್ತದೆಂದು ಜಿಪ್ಸಮ್ ಹಲಗೆಯ ಗೋಡೆ ಎಂದಾಯಿತು.

ಕೆಲಸದವರನ್ನು ಗೊತ್ತುಮಾಡುವುದು ಅವಳ ಪಾಲಿಗೇ ಬಿತ್ತು. ಹಲಗೆಯ ವಿಷಯ ಅವಳಿಗೆ ಏನೂ ತಿಳಿಯದು. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದಳು: "ನೀವು ಹಾಕಿದ ಗೋಡೆ ಎಲ್ಲಿ ಬಿರುಕು ಬಿಡುತ್ತೆ?"

ಮೊದಲನೆಯವನು ಫೋನಿನಲ್ಲಿ ಚಿತ್ರ ತೋರಿಸುತ್ತ, "ನಮ್ಮ ಗೋಡೆಗೆ ಬಿರುಕು ಅನ್ನೋದೇ ಗೊತ್ತಿಲ್ಲ ಮೇಡಂ," ಎಂದ. ಅವನಿಗೆ ನೀರು ಕೊಟ್ಟು ಕಳಿಸಿದಳು. ಎರಡನೆಯವನು ಬೆಳಿಗ್ಗೆ ಶುರುಮಾಡಿದರೆ ಸಂಜೆಗೆ ಬಣ್ಣವೂ ಮುಗಿಯುತ್ತದೆ ಎಂದ. "ಬಣ್ಣಕ್ಕೆ ಮುಂಚೆ ಮೆತ್ತೋ ಪುಟ್ಟಿ ಒಣಗೋದು ಬೇಡವೇನಪ್ಪ?" ಎಂದರೆ ಫ್ಯಾನು ತೋರಿಸಿದ. ಅವನಿಗೂ ನೀರೇ.

ಮೂರನೆಯವನ ಹುಬ್ಬಿನಲ್ಲೂ ಬಿಳಿ ಪುಡಿ ಕೂತಿತ್ತು. ಪ್ರಶ್ನೆ ಕೇಳಿ ತಲೆ ಕೆರೆದುಕೊಂಡ. "ಬಾಗಿಲ ಮೇಲಿನ ಮೂಲೆಯಲ್ಲಿ ಅಮ್ಮ. ದಿನಾ ಬಾಗಿಲು ಬಡಿದು ಬಡಿದು ಅಲ್ಲೇ ಬಿಡೋದು. ಅದಕ್ಕೇ ಅಲ್ಲಿ ಎರಡು ಹಲಗೆ ಕೂಡಿಸಬಾರದು, ಒಂದೇ ಹಲಗೇನ ಬಾಗಿಲ ಆಕಾರಕ್ಕೆ ಕೊಯ್ದು ಕೂರಿಸಬೇಕು. ಮೊದಮೊದಲು ನಂಗೂ ಗೊತ್ತಿರ್ಲಿಲ್ಲ. ಬೈಸ್ಕೊಂಡು ಕಲ್ತೆ."

ಕಂಕುಳಲ್ಲಿ ಹೊಲಿಗೆ ಬಿಡದಿರಲು ತಾನೂ ಹೀಗೇ ಅಲ್ಲಿ ತುಂಡು ಕೂಡಿಸದೆ ಕತ್ತರಿಸುವುದು ಎನ್ನಿಸಿತು ಹೊಲಿಗೆಯಮ್ಮನಿಗೆ. ಅವನಿಗೆ ಚಹಾ ಸಿಕ್ಕಿತು, ಕೆಲಸವೂ ಸಿಕ್ಕಿತು. ಅಂದಿನಿಂದ ಅವನು ಆ ಮನೆಯವರಿಗೆಲ್ಲ ಹಲಗೆಯಣ್ಣ.

ಹಲಗೆಯಣ್ಣ ತಗಡಿನ ಕಂಬಗಳನ್ನು ನೆಲಕ್ಕೂ ಚಾವಣಿಗೂ ಬಿಗಿದ. ಒಂದು ಬದಿಗೆ ಹಲಗೆ ಹೊಡೆದು, ಇನ್ನೊಂದು ಬದಿ ಮುಚ್ಚುವ ಮೊದಲು ನರ್ಸಕ್ಕನನ್ನು ಕೇಳಿದ.

"ಗೋಡೆಗೆ ಏನಾದ್ರೂ ಭಾರದ್ದು ತಗುಲಿಹಾಕ್ತೀರಾ ಅಕ್ಕ? ಹಲಗೆ ಹಿಂದೆ ಟೊಳ್ಳು, ಮೊಳೆ ನಿಲ್ಲಲ್ಲ. ಈಗಲೇ ಹೇಳಿದ್ರೆ ಒಳಗಡೆ ಪ್ಲೈವುಡ್ ಪಟ್ಟಿ ಕೊಡ್ತೀನಿ."

"ನಂಗೇನೂ ಬೇಡಪ್ಪ," ಎಂದಳು ನರ್ಸಕ್ಕ, ಪೇಪರಿನಿಂದ ಮುಖ ಎತ್ತದೆ. "ನಾಲ್ಕು ದಿನ ಇರೋಳಿಗೆ ಯಾಕೆ ಪಟ್ಟಿ?"

ಗೋಡೆ ಮುಚ್ಚಿತು. ಕೂಡಿಕೆಗಳ ಮೇಲೆ ಕಾಗದದ ಟೇಪು, ಅದರ ಮೇಲೆ ತೆಳುವಾಗಿ ಪುಟ್ಟಿ, ಒಣಗಿದ ಮೇಲೆ ಇನ್ನೊಂದು ಕೈ, ಆಮೇಲೆ ಉಪ್ಪುಕಾಗದದ ಉಜ್ಜು. ಹಾರಿದ ಬಿಳಿ ಪುಡಿಗೆ ಮನೆಯವರೆಲ್ಲರ ತಲೆಯೂ ಒಮ್ಮೆಗೇ ನರೆಯಿತು. ಬಣ್ಣವಾದ ಮೇಲೆ ಬೆರಳಾಡಿಸಿದರೂ ಕೂಡಿಕೆ ಸಿಗಲಿಲ್ಲ. ನರ್ಸಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಿಂಗಳು ಮುಗಿಯುತ್ತ ಬಂದಿತ್ತು. ಹೊಲಿಗೆಯಮ್ಮ ಮಿಷನ್ ತುಳಿಯುತ್ತ ಆ ಮುಚ್ಚಿದ ಬಾಗಿಲಿಗೇ ಕಿವಿಕೊಟ್ಟು ಕೂತಿರುತ್ತಿದ್ದಳು. ಒಳಗಿನಿಂದ ಒಂದು ಸುಳಿವೂ ಬರಲಿಲ್ಲ.

ಒಂದು ಮಧ್ಯಾಹ್ನ ಹೊಲಿದ ಬಟ್ಟೆ ಕೊಟ್ಟು ಬಂದು ನೋಡಿದರೆ ಕೋಣೆಯ ಬಾಗಿಲು ತೆರೆದಿತ್ತು. ಗೋಡೆಯಲ್ಲಿ ತಟ್ಟೆಯಗಲದ ತೂತು. ನೆಲದ ಮೇಲೆ ಸುತ್ತಿಗೆ, ಕಿತ್ತುಬಂದ ಮೊಳೆ, ಬಿಳಿ ಚೂರು. ಮಂಚದ ತುದಿಯಲ್ಲಿ ನರ್ಸಕ್ಕ ಕೂತಿದ್ದಳು. ಅವಳ ಪಕ್ಕದಲ್ಲಿ ಟವೆಲಿನ ಮೇಲೆ, ನಡುಮನೆಯಲ್ಲಿ ಒರಗಿಸಿಟ್ಟಿದ್ದ ದಪ್ಪ ಮರದ ಚೌಕಟ್ಟಿನ ಕನ್ನಡಿ ಮಲಗಿತ್ತು, ಪುಣ್ಯಕ್ಕೆ ಇಡಿಯಾಗಿಯೇ.

"ನಿನ್ನ ಹೊಸ ಗೋಡೆ ಕೆಡಿಸಿಬಿಟ್ಟೆ," ಎಂದಳು ನರ್ಸಕ್ಕ. "ತಿಂಗಳು ಮುಗಿಯೋವರೆಗೂ ಬೇಡ. ನಾಳೆನೇ ಹೊರಡ್ತೀನಿ."

ಹೊಲಿಗೆಯಮ್ಮ ತೂತನ್ನು ನೋಡಿದಳು, ಕನ್ನಡಿಯನ್ನು ನೋಡಿದಳು. ಹೊರಡುವವಳು ಗೋಡೆಗೆ ಮೊಳೆ ಹೊಡೆಯುತ್ತಾಳೆಯೇ? ನಗು ಉಕ್ಕಿ ಬಂತು, ಸೆರಗಿನಿಂದ ಬಾಯಿ ಒರೆಸಿಕೊಂಡು ಅಡಗಿಸಿದಳು.

"ಕನ್ನಡಿ ಎಷ್ಟೆತ್ತರಕ್ಕೆ ಬೇಕಿತ್ತು ಅಕ್ಕ?"

ನರ್ಸಕ್ಕ ಅವಳ ಮುಖವನ್ನೇ ದಿಟ್ಟಿಸಿದಳು. ಜ್ವರದ ಕಡ್ಡಿ ಓದುವವರ ಹಾಗೆ. ಆಮೇಲೆ ಮೆಲ್ಲಗೆ ಅಂದಳು, "ಇನ್ನೊಂದು ಗೇಣು ಮೇಲೆ. ಕೂತ್ಕೊಂಡೇ ತಲೆ ಬಾಚೋ ಹಾಗೆ ಅಲ್ಲ, ನಿಂತ್ಕೊಂಡು."

ಸಂಜೆ ಮನೆಗೆ ಬಂದ ತಮ್ಮ ತೂತಿನಲ್ಲಿ ಇಣುಕಿದ. "ಏನಿದು, ನಂಗೊಂದು ಮಾತು ಹೇಳದೆ ಕಿಟಕಿ ಇಡಿಸಿಬಿಟ್ರಾ?"

"ನಿನ್ನ ಗೊರಕೆ ಹೊರಗೆ ಹೋಗ್ಲಿ ಅಂತ," ಎಂದಳು ನರ್ಸಕ್ಕ. ಬಂದಾಗಿನಿಂದ ಆಕೆ ತಮ್ಮನನ್ನು ಛೇಡಿಸಿದ್ದು ಅದೇ ಮೊದಲು.

ಮಾರನೆಯ ದಿನ ಹಲಗೆಯಣ್ಣ ಬಂದು ತೂತಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನು ಚಾಕು ಎತ್ತುವ ಮೊದಲೇ ನರ್ಸಕ್ಕ ಶುರುಮಾಡಿದಳು. "ಅಂಚು ಶುದ್ಧ ಮಾಡಿಯೇ ಪಟ್ಟಿ ಕಟ್ಟಬೇಕು. ಹರಿದ ಕಾಗದ, ಪುಡಿ ಒಂದೂ ಇರಬಾರದು."

"ನೀವು ಈ ಕೆಲಸ ಮಾಡಿದ್ರಾ ಅಕ್ಕ?"

"ಮನುಷ್ಯರ ಮೇಲೆ."

ಅವನು ನಗುತ್ತ ತೂತನ್ನು ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಚೌಕವಾಗಿ ಕೊಯ್ದ. ಆ ಎರಡು ಕಂಬಗಳ ನಡುವೆ ಪ್ಲೈವುಡ್ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿದು, ಅಲ್ಲಾಡಿಸಿ ನೋಡಿದ. ಹೊಸ ಹಲಗೆಯ ತುಂಡು ಕೂರಿಸುವ ಮುನ್ನ ಕೈ ತಡೆದು, "ಕನ್ನಡಿ ಒಂದೇನಾ? ಗೋಡೆ ಹೇಗೂ ಬಿಚ್ಚಿದೆ," ಎಂದ.

ನರ್ಸಕ್ಕ ಅವನ ಕಿವಿಯ ಸಂದಿಯಿಂದ ಪೆನ್ಸಿಲು ಎಳೆದುಕೊಂಡಳು. ಔಷಧಿಯ ಗೂಡಿಗೆ ಇಲ್ಲಿ ಎಂದು ಗೀಟು ಎಳೆದಳು. ಪುಸ್ತಕದ ಹಲಗೆಗೆ ಅಲ್ಲಿ. ದೀಪ ಮಂಚದ ತಲೆಬದಿಗೆ. ಹಿಡಿದು ಏಳಲು ಒಂದು ಕಂಬಿ, ಅದು ಮಾತ್ರ ಗಟ್ಟಿಯಾಗಿರಬೇಕು. ಕೋಲು ಬಾಗಿಲಿಗೆ ಒರಗಿಯೇ ಇತ್ತು, ಆಕೆ ಗೋಡೆ ಹಿಡಿದೇ ನಡೆಯುತ್ತಿದ್ದಳು.

"ಸಾಕು ಅಕ್ಕ," ಎಂದ ಹಲಗೆಯಣ್ಣ. "ಇನ್ನೂ ಗೀಟು ಎಳೆದ್ರೆ ಗೋಡೇನೇ ಹೊಸದು ಹಾಕ್ಬೇಕಾಗುತ್ತೆ."

"ಹಾಕು. ನಿಂಗೇನು, ಅವಳು ಚಹಾ ಕೊಡ್ತಾಳೆ."

ಹೊಲಿಗೆಯಮ್ಮ ಆಗಲೇ ಪಾತ್ರೆ ಒಲೆಗೇರಿಸಿದ್ದಳು. ಅಡುಗೆಮನೆಗೆ ನರ್ಸಕ್ಕನ ದನಿ ಕೇಳಿಸಿತು, ವಾರ್ಡಿನಲ್ಲಿ ಕೂಗಿ ಅಭ್ಯಾಸವಾದ ದನಿ.

"ಪುಟ್ಟಿ ಒಣಗೋವರೆಗೆ ನಿಂಗೆ ಇಲ್ಲೇನು ಕೆಲಸ ಇಲ್ಲ ತಾನೇ? ನಿನ್ನ ಟೆಂಪೋ ಖಾಲಿ ಇದ್ರೆ ನನ್ನ ಹಳೇ ರೂಮಿಗೆ ಹೋಗಿ ಬಾ. ಮೂರನೇ ಮಹಡಿ. ಕಬ್ಬಿಣದ ಬೀರು ಒಂದಿದೆ, ಇಬ್ಬರು ಹಿಡೀಬೇಕು. ನನ್ನ ತಮ್ಮನ್ನೂ ಕರ್ಕೊಂಡು ಹೋಗು. ಅವನಿಗೂ ಮೆಟ್ಟಿಲು ಹತ್ತಿ ಹೊಟ್ಟೆ ಇಳೀಲಿ."